ಉಪಪಾತ್ರಗಳ ಸ್ವತಂತ್ರ ಬದುಕು

ಕಥೆಯಲ್ಲಿ ಒಂದೆರಡು ಸಂದರ್ಭಗಳಲ್ಲಿ ಕಾಣಿಸಿಕೊಂಡು, ತನ್ನ ಪಾಲಿನ ಕೆಲಸ ಮುಗಿದೊಡನೆ ಮರೆಗೆ ಸರಿಯುವ ಪಾತ್ರವನ್ನು ಉಪಪಾತ್ರ ಎನ್ನುವುದು ರೂಢಿ. ದೂತ, ದಾಸಿ, ಸಾರಥಿ, ಮಾವುತ, ನಾಯಕನ ತಮ್ಮನ ಹೆಂಡತಿ ಎಲ್ಲರೂ ಈ ಸಾಲಿನವರೇ. ಇವರಲ್ಲಿ ಬಹುಪಾಲು ಮಂದಿ ಕಥೆಯೊಡನೆಯೇ ಮುಗಿದುಹೋಗುತ್ತಾರೆ. ಕೆಲವರು ಮಾತ್ರ ಉಳಿದುಕೊಳ್ಳುತ್ತಾರೆ: ಮುಂದಿನ ಕವಿಗಳು ಅವರನ್ನು ಮತ್ತೆ ಕರೆಯುತ್ತಾರೆ, ರಂಗದ ಮೇಲೆ ಅವರ ಮಾತು ಬೆಳೆಯುತ್ತದೆ, ಮೂಲವನ್ನು ಓದದವರ ಬಾಯಲ್ಲೂ ಅವರ ಹೆಸರು ಸಲೀಸಾಗಿ ಬರುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಲೇಖಕ ಆ ಪಾತ್ರವನ್ನು ಜೀವಂತವಾಗಿ ಚಿತ್ರಿಸಿದ್ದಾನೆ ಎಂಬುದು. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಪಾತ್ರಗಳನ್ನು ಚಪ್ಪಟೆ, ದುಂಡು ಎಂದು ಎರಡಾಗಿ ವಿಂಗಡಿಸಿದ ಮೇಲೆ ಈ ಕಾರಣಕ್ಕೆ ಶಾಸ್ತ್ರದ ಬಲವೂ ಸಿಕ್ಕಿತು. ಆದರೆ ರಾಮಾಯಣ, ಮಹಾಭಾರತಗಳಿಂದ ಕನ್ನಡಕ್ಕೆ ಬಂದ ಉಪಪಾತ್ರಗಳನ್ನು ನೋಡಿದರೆ ಈ ವಿವರಣೆ ಸಾಲದು. ದೀರ್ಘಾಯುಷ್ಯ ಪಡೆದ ಹಲವು ಪಾತ್ರಗಳು ಮೂಲದಲ್ಲಿ ತೀರ ಚಪ್ಪಟೆಯಾಗಿಯೇ ಇವೆ. ಅವರನ್ನು ಉಳಿಸಿದ್ದು ಚಿತ್ರಣದ ಕೌಶಲಕ್ಕಿಂತ ಹೆಚ್ಚಾಗಿ ಕಥೆ ಅವರ ಹೆಸರಿನಲ್ಲಿ ಬಿಟ್ಟುಹೋದ ಬಾಕಿ. ದೊಡ್ಡ ಕಥೆಯೊಂದು ಮುಂದೆ ಸಾಗಲು ಯಾರಾದರೂ ಬೆಲೆ ತೆರಬೇಕು, ಇಲ್ಲವೇ ತಪ್ಪು ಹೊರಬೇಕು. ಅದನ್ನು ಒಬ್ಬ ಸಣ್ಣ ವ್ಯಕ್ತಿಯ ತಲೆಗೆ ಕಟ್ಟಿ, ಲೆಕ್ಕ ಚುಕ್ತಾ ಮಾಡದೆ ಕಥೆ ಮುಂದೆ ಹೋದಾಗ ಆ ಪಾತ್ರಕ್ಕೆ ಎರಡನೆಯ ಬದುಕು ಶುರುವಾಗುತ್ತದೆ.

ಮಂಥರೆಯಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ವಾಲ್ಮೀಕಿಯ ಅಯೋಧ್ಯಾಕಾಂಡದ 7ನೆಯ ಸರ್ಗದಲ್ಲಿ ಅವಳು ಪ್ರವೇಶಿಸುತ್ತಾಳೆ. ಕೈಕೇಯಿಯ ತವರಿನಿಂದ ಬಂದ ದಾಸಿ, ಹುಟ್ಟಿದ್ದೆಲ್ಲೋ ತಿಳಿಯದು ಎಂಬಷ್ಟೇ ಪರಿಚಯ. ಅರಮನೆಯ ಮಹಡಿ ಹತ್ತಿ ನೋಡಿದರೆ ಬೀದಿಗಳಿಗೆ ನೀರು ಚಿಮುಕಿಸಿ ಊರನ್ನು ಸಿಂಗರಿಸಿದ್ದಾರೆ. ಪಕ್ಕದಲ್ಲಿ ನಿಂತ ದಾದಿಯನ್ನು ಕೇಳಿದಾಗ ನಾಳೆ ರಾಮನಿಗೆ ಪಟ್ಟ ಎಂದು ತಿಳಿಯುತ್ತದೆ. ಸಿಟ್ಟಿನಿಂದ ಕೆಳಗಿಳಿದು ಮಲಗಿದ್ದ ಕೈಕೇಯಿಯನ್ನು ಎಬ್ಬಿಸುತ್ತಾಳೆ. ಸುದ್ದಿ ಕೇಳಿ ಹಿಗ್ಗಿದ ಕೈಕೇಯಿ ತನ್ನ ಒಡವೆಯೊಂದನ್ನು ಬಹುಮಾನವಾಗಿ ಕೊಡುತ್ತಾಳೆ. ಮಂಥರೆ ಅದನ್ನು ಎತ್ತಿ ಎಸೆಯುತ್ತಾಳೆ. ರಾಮಾಯಣದ ಗತಿಯನ್ನೇ ತಿರುಗಿಸಿದ ಮಾತುಕತೆ ಇಲ್ಲಿಂದ ಬೆಳೆದು, ದೇವಾಸುರ ಯುದ್ಧದ ಕಾಲದ ಎರಡು ವರಗಳ ನೆನಪಿಗೆ ಬಂದು ಮುಟ್ಟುತ್ತದೆ. ಮನಸ್ಸು ತಿರುಗಿದ ಕೈಕೇಯಿ ಅವಳ ಗೂನನ್ನೇ ಹೊಗಳಿ, ಅದಕ್ಕೆ ಚಿನ್ನದ ಮಾಲೆ ತೊಡಿಸುವ ಆಸೆ ಹುಟ್ಟಿಸುತ್ತಾಳೆ. ಆಮೇಲೆ 78ನೆಯ ಸರ್ಗದಲ್ಲಿ ಮಂಥರೆ ಒಡವೆ ತೊಟ್ಟು ಬಂದಾಗ ಶತ್ರುಘ್ನ ಅವಳನ್ನು ನೆಲದ ಮೇಲೆ ಎಳೆದಾಡುತ್ತಾನೆ, ಒಡವೆಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹೆಂಗಸನ್ನು ಕೊಂದರೆ ರಾಮ ನಮ್ಮ ಜೊತೆ ಮಾತೂ ಆಡುವುದಿಲ್ಲ ಎಂದು ಭರತ ತಡೆಯುತ್ತಾನೆ. ಅವಳ ಕಥೆ ಅಲ್ಲಿಗೆ ನಿಂತುಹೋಗುತ್ತದೆ. ರಾಜ್ಯ ಬೇಕಾದದ್ದು ಅವಳಿಗಲ್ಲ, ವರ ಕೊಟ್ಟವಳು ಅವಳಲ್ಲ, ಕೇಳಿದವಳೂ ಅವಳಲ್ಲ. ಕೈಕೇಯಿಯ ದೋಷವನ್ನು ತಗ್ಗಿಸಲು, ದಶರಥನ ಅಸಹಾಯಕತೆಯನ್ನು ನಂಬಿಸಲು ಕಥೆಗೆ ಒಬ್ಬಳು ಬೇಕಾಗಿದ್ದಳು. ಅವಳು ಯಾಕೆ ಹಾಗೆ ಮಾಡಿದಳು ಎಂಬುದಕ್ಕೆ, ಒಡತಿಯ ಭವಿಷ್ಯದ ಜೊತೆ ದಾಸಿಯ ಭವಿಷ್ಯವೂ ಕುಸಿದೀತೆಂಬ ಭಯವನ್ನು ಬಿಟ್ಟರೆ, ವಾಲ್ಮೀಕಿ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ಈ ಬಾಕಿ ಪರಂಪರೆಯನ್ನು ಎಷ್ಟು ಕಾಡಿದೆ ಎಂಬುದಕ್ಕೆ ನಂತರದವರು ಕೊಟ್ಟ ಉತ್ತರಗಳೇ ಸಾಕ್ಷಿ. ಮಹಾಭಾರತದ ವನಪರ್ವದ ರಾಮೋಪಾಖ್ಯಾನದಲ್ಲಿ ದುಂದುಭಿ ಎಂಬ ಗಂಧರ್ವಿಯೇ ಬ್ರಹ್ಮನ ಅಪ್ಪಣೆಯಂತೆ ಮಂಥರೆಯಾಗಿ ಹುಟ್ಟುತ್ತಾಳೆ. 1574ರಲ್ಲಿ ಆರಂಭವಾದ ತುಲಸೀದಾಸರ ರಾಮಚರಿತಮಾನಸದಲ್ಲಿ ದೇವತೆಗಳ ಮೊರೆಗೆ ಮಣಿದು ಸರಸ್ವತಿ ಅವಳ ಬುದ್ಧಿ ಕೆಡಿಸುತ್ತಾಳೆ. ಎರಡರಲ್ಲೂ ಹೊಣೆಯನ್ನು ದೇವಲೋಕಕ್ಕೆ ದಾಟಿಸಲಾಗಿದೆ. ಕಂಬನ ತಮಿಳು ರಾಮಾಯಣ ಹಿಡಿದ ದಾರಿಯೇ ಬೇರೆ: ಬಾಲಕ ರಾಮ ಆಟದ ಬಿಲ್ಲಿನಿಂದ ಮಣ್ಣುಂಡೆಗಳನ್ನು ಅವಳ ಗೂನಿಗೆ ಹೊಡೆದಿದ್ದ, ಅದನ್ನು ಅವಳು ಮರೆತಿಲ್ಲ. ದೇವರೇ ಎನಿಸಿಕೊಂಡವನ ಬಾಲಲೀಲೆಯಿಂದ ಒಬ್ಬ ಅಂಗವಿಕಲೆಗೆ ನೋವಾಯಿತು ಎಂದು ಭಕ್ತಕವಿಯೊಬ್ಬನಿಗೆ ಹೊಳೆದದ್ದು ಸಣ್ಣ ಮಾತಲ್ಲ. ವಿಮಲಸೂರಿಯ ಪಉಮಚರಿಯದ ಹಾದಿ ಹಿಡಿದ ಜೈನ ರಾಮಾಯಣಗಳು ಇನ್ನೊಂದು ತುದಿಯಲ್ಲಿವೆ. ದಶರಥನ ಜೊತೆ ಭರತನೂ ದೀಕ್ಷೆ ಹಿಡಿದಾನೆಂಬ ತಾಯಿಯ ಅಳುಕಿನಿಂದ ಕೈಕೇಯಿಯೇ ಅಲ್ಲಿ ರಾಜ್ಯ ಕೇಳುತ್ತಾಳೆ. ಹೀಗಾಗಿ ಮಂಥರೆಯ ಅಗತ್ಯವೇ ಬೀಳುವುದಿಲ್ಲ. ರಾಣಿಗೆ ಒಪ್ಪುವಂಥ ಕಾರಣ ಸಿಕ್ಕಿದೊಡನೆ ದಾಸಿ ಕಥೆಯಿಂದಲೇ ಮಾಯವಾಗುತ್ತಾಳೆ ಎಂದರೆ, ಅವಳಿದ್ದದ್ದು ತಪ್ಪು ಹೊರುವುದಕ್ಕೇ ಎಂದಾಯಿತು. ಉಪಪಾತ್ರಗಳ ಬಗೆಗಿನ ಕನಿಕರ ಇಪ್ಪತ್ತನೆಯ ಶತಮಾನದ ಸಮಾನತೆಯ ಚಳವಳಿಗಳು ಹುಟ್ಟಿಸಿದ್ದು, ಹಳಬರಿಗೆ ಅದು ಗೊತ್ತಿರಲಿಲ್ಲ ಎಂಬ ವಾದಕ್ಕೂ ಇಲ್ಲೇ ಉತ್ತರವಿದೆ. ಹಳಬರಿಗೂ ಪ್ರಶ್ನೆ ಗೊತ್ತಿತ್ತು. ಅವರ ಉತ್ತರ ಶಾಪ, ಅವತಾರ, ಪೂರ್ವಜನ್ಮಗಳ ಭಾಷೆಯಲ್ಲಿತ್ತು, ಅಷ್ಟೆ.

ಕುವೆಂಪು 1949ರಲ್ಲಿ ಪ್ರಕಟಿಸಿದ ಶ್ರೀ ರಾಮಾಯಣ ದರ್ಶನಂ ಕಾವ್ಯದ ಮಂಥರೆಯನ್ನು ಈ ಸಾಲಿನಲ್ಲಿ ಇಟ್ಟು ನೋಡಬೇಕು. ಅವಳಿಗೆ ಮೀಸಲಾದ ಭಾಗದ ಹೆಸರೇ ‘ಮಮತೆಯ ಸುಳಿ ಮಂಥರೆ’. ಕುವೆಂಪು ಅವಳ ಕೃತ್ಯವನ್ನು ಬದಲಿಸಲಿಲ್ಲ, ಕಾರಣವನ್ನು ಬದಲಿಸಿದರು. ಕುರೂಪದಿಂದಾಗಿ ಅರಮನೆಯಲ್ಲಿ ಎಲ್ಲರ ತಾತ್ಸಾರಕ್ಕೆ ಗುರಿಯಾದ ಹೆಂಗಸಿಗೆ ಪ್ರೀತಿ ಸಿಕ್ಕಿದ್ದು ಕೈಕೇಯಿ ಮತ್ತು ಭರತರಲ್ಲಿ ಮಾತ್ರ. ಆ ಪ್ರೀತಿಯೇ ಸುಳಿಯಾಗಿ ಅವಳನ್ನೂ ಅಯೋಧ್ಯೆಯನ್ನೂ ಒಳಗೆಳೆಯುತ್ತದೆ. ಚಂದ್ರ ಬೇಕೆಂದು ಹಟ ಹಿಡಿದ ಮಗು ರಾಮನಿಗೆ ಕನ್ನಡಿ ಹಿಡಿದು ಅಳು ನಿಲ್ಲಿಸಿದವಳೂ ಅವಳೇ ಎಂದು ಕವಿ ಮೊದಲೇ ಹೇಳಿಟ್ಟಿದ್ದಾರೆ. ಕಂಬನಲ್ಲಿ ರಾಮನ ಬಾಲ್ಯ ಮಂಥರೆಗೆ ಕೊಟ್ಟದ್ದು ಗಾಯ. ಇಲ್ಲಿ ಅವಳೇ ಆ ಬಾಲ್ಯಕ್ಕೆ ಸಮಾಧಾನ ತಂದವಳು. ಜನಜನಿತವಾದ ಕನ್ನಡಿಯ ಕಥೆಯನ್ನು ಎತ್ತಿ ಅವಳ ಕೈಗಿಟ್ಟದ್ದರಲ್ಲಿ ಕವಿಯ ಜಾಣ್ಮೆ ಎಷ್ಟಿದೆಯೋ ನ್ಯಾಯಬುದ್ಧಿಯೂ ಅಷ್ಟೇ ಇದೆ. ಸರ್ವರ ಉದ್ಧಾರವನ್ನು ಒಪ್ಪುವ ದರ್ಶನದಲ್ಲಿ ಯಾರಿಗೂ ಬರಿಯ ದುಷ್ಟತನ ಉಳಿಯುವಂತಿಲ್ಲ ಎಂಬುದು ನಿಜ, ಆ ಕಾರಣಕ್ಕೆ ರಾವಣನೂ ಈ ಕಾವ್ಯದಲ್ಲಿ ಬದಲಾಗುತ್ತಾನೆ. ಆದರೂ ರಾವಣನ ಬದಲಾವಣೆ ಓದುಗನನ್ನು ಒಪ್ಪಿಸಲು ಹೆಣಗುತ್ತದೆ, ಮಂಥರೆಯದು ಓದಿದೊಡನೆ ಮನಸ್ಸಿಗೆ ಹತ್ತುತ್ತದೆ. ರಾವಣನಿಗೆ ಮೂಲಕಥೆ ಏನನ್ನೂ ಬಾಕಿ ಉಳಿಸಿಕೊಂಡಿರಲಿಲ್ಲ. ವೈಭವ, ತಪಸ್ಸು, ಪಾಂಡಿತ್ಯ, ವೀರಮರಣ ಎಲ್ಲವೂ ಅವನಿಗೆ ಸಂದಿದ್ದವು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕಥೆ ಯಾರ ಬಗ್ಗೆ ಮೌನವಾಗಿರುತ್ತದೋ ಅವರ ಬಗ್ಗೆ ಕುತೂಹಲ ಹುಟ್ಟುವುದು ಸಹಜ, ಬಾಕಿಯ ಮಾತೆಲ್ಲ ಯಾಕೆ ಎಂದು ಕೇಳಬಹುದು. ಲಕ್ಷ್ಮಣ ಕಾಡಿಗೆ ಹೊರಟಾಗ ಅರಮನೆಯಲ್ಲೇ ಉಳಿದ ಅವನ ಹೆಂಡತಿ ಊರ್ಮಿಳೆಯ ಕಥೆ ಮೇಲ್ನೋಟಕ್ಕೆ ಈ ಆಕ್ಷೇಪವನ್ನೇ ಬೆಂಬಲಿಸುತ್ತದೆ. ರವೀಂದ್ರನಾಥ ಠಾಕೂರರು 1900ರ ಹೊತ್ತಿಗೆ ಕಾವ್ಯದಲ್ಲಿ ಉಪೇಕ್ಷಿತರಾದವರ ಬಗ್ಗೆ ಬರೆದ ಪ್ರಬಂಧದಲ್ಲಿ ಅವಳ ಹೆಸರು ಮೊದಲ ಸಾಲಿನಲ್ಲಿದೆ. ಶಾಕುಂತಲದ ಅನಸೂಯೆ, ಪ್ರಿಯಂವದೆ, ಕಾದಂಬರಿಯ ಪತ್ರಲೇಖೆ ಜೊತೆಗಿದ್ದಾರೆ. 1908ರಲ್ಲಿ ಮಹಾವೀರ ಪ್ರಸಾದ ದ್ವಿವೇದಿ ಹಿಂದಿಯಲ್ಲಿ ಇದೇ ದೂರನ್ನು ಎತ್ತಿದರು. ಮೈಥಿಲೀಶರಣ ಗುಪ್ತರ ಸಾಕೇತ (1931) ಅದಕ್ಕೆ ಕೊಟ್ಟ ಕಾವ್ಯರೂಪದ ಉತ್ತರ. ಕುವೆಂಪು ಅವಳನ್ನು ತಪಸ್ವಿನಿಯಾಗಿ ಕಂಡರು. ಆದರೆ ಮೌನವೇ ಸಾಕಾಗಿದ್ದರೆ ಭರತನ ಹೆಂಡತಿ ಮಾಂಡವಿಗೂ ಶತ್ರುಘ್ನನ ಹೆಂಡತಿ ಶ್ರುತಕೀರ್ತಿಗೂ ಇಷ್ಟೇ ಗಮನ ಸಿಗಬೇಕಿತ್ತು. ವಾಲ್ಮೀಕಿ ಅವರ ಬಗ್ಗೆಯೂ ಅಷ್ಟೇ ಮೌನಿ. ಮಾಂಡವಿಯ ಸ್ಥಿತಿಯಂತೂ ಊರ್ಮಿಳೆಯದಕ್ಕಿಂತ ವಿಚಿತ್ರ. ಗಂಡ ಕಾಡಿಗೆ ಹೋಗಿಲ್ಲ, ಹತ್ತಿರದ ನಂದಿಗ್ರಾಮದಲ್ಲೇ ಜಟೆ ಬಿಟ್ಟು ಹದಿನಾಲ್ಕು ವರ್ಷ ಕುಳಿತಿದ್ದಾನೆ. ಆದರೂ ಠಾಕೂರರಾಗಲಿ ದ್ವಿವೇದಿಯವರಾಗಲಿ ಅವಳ ಪರವಾಗಿ ದನಿ ಎತ್ತಲಿಲ್ಲ. ವ್ಯತ್ಯಾಸ ಇರುವುದು ಪಕ್ಕದಲ್ಲಿ ನಡೆದ ಇನ್ನೊಂದು ಘಟನೆಯಲ್ಲಿ. ನಾನೂ ಬರುತ್ತೇನೆ ಎಂದು ಸೀತೆ ವಾದಿಸಿದ್ದನ್ನೂ ಗೆದ್ದದ್ದನ್ನೂ ಕಥೆ ವಿವರವಾಗಿ ಹೇಳುತ್ತದೆ. ಅದೇ ದಿನ, ಅದೇ ಅರಮನೆಯಲ್ಲಿ, ಅವಳ ತಂಗಿಗೆ ಆ ವಾದ ಹೂಡುವ ಅವಕಾಶವೇ ಇಲ್ಲ. ಅಕ್ಕನಿಗೆ ಸಂದದ್ದು ತನಗೆ ಸಲ್ಲಲಿಲ್ಲ ಎಂಬ ಹೋಲಿಕೆಯನ್ನು ಕಥೆಯೇ ಕಣ್ಣೆದುರಿಗೆ ಇಟ್ಟುಬಿಟ್ಟಿದೆ. ಮಾಂಡವಿಯ ವಿಷಯದಲ್ಲಿ ಅಂಥ ಅಳತೆಗೋಲು ಇಲ್ಲ.

ಏಕಲವ್ಯನ ವಿಷಯಕ್ಕೆ ಬಂದರೆ ಬಾಕಿ ಒಂದು ವಸ್ತುವಿನ ರೂಪದಲ್ಲೇ ಇದೆ: ಬಲಗೈಯ ಹೆಬ್ಬೆರಳು. ಆದಿಪರ್ವದಲ್ಲಿ ಅವನ ಕಥೆ ಚಿಕ್ಕದು. ಅರ್ಜುನನಿಗಿಂತ ಮಿಗಿಲಾದ ಬಿಲ್ಲಾಳು ಇರಬಾರದೆಂಬ ದ್ರೋಣನ ಮಾತು ಉಳಿಯಬೇಕು, ಅದಕ್ಕೆ ಬೇಡರ ಹುಡುಗನೊಬ್ಬ ಬೆರಳು ಕೊಡಬೇಕು. ಕೊಟ್ಟ, ಕಥೆ ಮುಂದೆ ಹೋಯಿತು. ಕನ್ನಡ ನಾಡಿನ ಇಬ್ಬರು ನಾಟಕಕಾರರು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಈ ಬೆರಳಿನ ಲೆಕ್ಕ ಕೇಳಿದರು. ಟಿ. ಪಿ. ಕೈಲಾಸಂ ತಮ್ಮ ‘ದಿ ಪರ್ಪಸ್’ ಎಂಬ ಇಂಗ್ಲಿಷ್ ನಾಟಕದಲ್ಲಿ ಏಕಲವ್ಯನಿಗೆ ಒಂದು ಉದ್ದೇಶ ಕೊಟ್ಟರು: ತೋಳಗಳ ಬಾಯಿಂದ ಜಿಂಕೆಮರಿಗಳನ್ನು ಉಳಿಸಲು ಅವನಿಗೆ ಬಿಲ್ವಿದ್ಯೆ ಬೇಕು. ಕೀರ್ತಿಗಾಗಿ ಕಲಿಯುವ ಅರ್ಜುನನ ಪಕ್ಕದಲ್ಲಿ ಈ ಸಾದಾ ಕಾರಣ ನಿಂತಾಗ ಬೆರಳು ಕಳೆದುಕೊಂಡದ್ದು ಒಬ್ಬ ಹುಡುಗನ ನಷ್ಟವಾಗಿ ಉಳಿಯುವುದಿಲ್ಲ. ಜಿಂಕೆಮರಿಗಳಿಗೂ ದಿಕ್ಕು ತಪ್ಪುತ್ತದೆ. ಕುವೆಂಪು ಬೆರಳ್‌ಗೆ ಕೊರಳ್ (1947) ನಾಟಕದಲ್ಲಿ ಏಕಲವ್ಯನ ತಾಯಿಯನ್ನು ರಂಗಕ್ಕೆ ತಂದರು. ಮಗ ಗುರುಭಕ್ತಿಯಿಂದ ಕ್ಷಮಿಸಬಹುದು, ಹೆತ್ತವಳು ಕ್ಷಮಿಸಬೇಕೆಂದೇನೂ ಇಲ್ಲ. ಬೆರಳಿಗೆ ಕೊರಳೇ ಬೆಲೆ ಎಂಬ ಲೆಕ್ಕ ಕುರುಕ್ಷೇತ್ರದವರೆಗೆ, ದ್ರೋಣನ ಕೊರಳಿನವರೆಗೆ ಚಾಚುತ್ತದೆ. ದಲಿತ ಚಳವಳಿಯ ಕಾಲಕ್ಕೆ ಸಿದ್ಧಲಿಂಗಯ್ಯನವರೂ ಏಕಲವ್ಯನ ಹೆಸರಿನಲ್ಲಿ ನಾಟಕ ಬರೆದರು. ಮೂವರಿಗೂ ಉದ್ದೇಶ ಬೇರೆ ಬೇರೆ. ಹೆಬ್ಬೆರಳು ಮಾತ್ರ ಅದೇ. ಉಪಪಾತ್ರ ಶತಮಾನಗಳನ್ನು ದಾಟಲು ಇಂಥದೊಂದು ಗಟ್ಟಿ ಗುರುತು ಬೇಕೇನೋ. ಮಂಥರೆಗೆ ಗೂನಿದೆ, ಎಸೆದ ಒಡವೆಯಿದೆ.

ಬಾಕಿಯಿದ್ದೂ ಪಾತ್ರವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಗಿರೀಶ ಕಾರ್ನಾಡರ ಯಯಾತಿ (1961) ತೋರಿಸುತ್ತದೆ. ತಂದೆಯ ಮುಪ್ಪನ್ನು ಮಗ ಪುರು ಹೊತ್ತದ್ದನ್ನು ಮಹಾಭಾರತ ಪಿತೃಭಕ್ತಿಯ ಮಾದರಿಯಾಗಿ ಹೇಳುತ್ತದೆ. ಆ ತ್ಯಾಗದ ಬೆಲೆ ಬೇರೆ ಯಾರ ಮೇಲಾದರೂ ಬಿದ್ದಿರಬಹುದೆಂಬ ಯೋಚನೆ ಅಲ್ಲಿಲ್ಲ. ಕಾರ್ನಾಡರು ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಸೃಷ್ಟಿಸಿದರು. ಹೊಸದಾಗಿ ಮದುವೆಯಾಗಿ ಬಂದವಳ ಎದುರಿಗೆ ಗಂಡ ಮುದುಕನಾಗಿ ನಿಲ್ಲುತ್ತಾನೆ, ಮಾವ ಯುವಕನಾಗಿದ್ದಾನೆ. ಅವಳು ಕೇಳುವ ಪ್ರಶ್ನೆಗೆ ಯಯಾತಿಯ ಬಳಿ ಉತ್ತರವಿಲ್ಲ. ವಿಷ ಕುಡಿದು ಸಾಯುತ್ತಾಳೆ. ಮೂಲದಲ್ಲಿ ಇಲ್ಲದ ಈ ಹೆಣ್ಣು ನಾಟಕದ ಕಡೆಯ ಭಾಗದಲ್ಲಷ್ಟೇ ಬಂದು ಉಳಿದವರನ್ನೆಲ್ಲ ಹಿಂದಕ್ಕೆ ಸರಿಸಿಬಿಡುತ್ತಾಳೆ. ಕಥೆಯಲ್ಲಿ ಬೆಲೆ ತೆರುವ ಜಾಗವೊಂದು ಖಾಲಿ ಬಿದ್ದಿದ್ದರೆ, ಅಲ್ಲಿಗೆ ಒಬ್ಬ ವ್ಯಕ್ತಿ ಬಂದು ನಿಲ್ಲಲೇಬೇಕಾಗುತ್ತದೆ ಎನ್ನುವಂತಿದೆ ಈ ನಾಟಕ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಕುವೆಂಪು ಬರೆದ ಮಂಥರೆ ವಾಲ್ಮೀಕಿಯ ಮಂಥರೆಯೇ ಅಲ್ಲ, ಹೆಸರು ಮಾತ್ರ ಒಂದೇ, ಹಾಗಿರುವಾಗ ಪಾತ್ರ ಬದುಕಿತು ಎನ್ನುವುದು ಹೇಗೆ? ಕನ್ನಡದಲ್ಲಿ ಈ ಜಗಳ ನಿಜವಾಗಿಯೇ ನಡೆದಿದೆ. ಕುವೆಂಪು ಶೂದ್ರ ತಪಸ್ವಿ (1944) ನಾಟಕದಲ್ಲಿ ಶಂಬೂಕವಧೆಯ ಪ್ರಸಂಗವನ್ನು ತಿರುವಿಹಾಕಿದರು. ರಾಮನ ಅಸ್ತ್ರ ಶಂಬೂಕನನ್ನು ಬಿಟ್ಟು, ದೂರು ತಂದ ಬ್ರಾಹ್ಮಣನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹಳೆಯ ಕಥೆಯನ್ನು ಹೀಗೆ ಬದಲಿಸುವುದನ್ನು ಮಾಸ್ತಿಯವರು ಒಪ್ಪಲಿಲ್ಲ. ಮಾಸ್ತಿಯವರ ಆಕ್ಷೇಪವನ್ನು ಸಂಪ್ರದಾಯದ ರಕ್ಷಣೆ ಎಂದು ಬದಿಗೆ ಸರಿಸುವುದು ಸುಲಭ, ಆದರೆ ಅದರಲ್ಲಿ ಕಥೆಗಾರನೊಬ್ಬನ ತಿಳಿವೂ ಇದೆ. ಕೃತ್ಯ ಉಳಿದು ಕಾರಣ ಬದಲಾದರೆ ಓದುಗ ಹಳೆಯ ಪಾತ್ರವನ್ನೇ ಹೊಸ ಬೆಳಕಿನಲ್ಲಿ ಕಾಣುತ್ತಾನೆ. ಫಲವೇ ಬದಲಾದರೆ ಬಾಕಿಯ ನೆನಪೇ ಅಳಿಸಿಹೋಗುವ ಅಪಾಯವಿದೆ. ಶೂದ್ರ ತಪಸ್ವಿ ವಾದವಾಗಿ ಬಲವಾದ ನಾಟಕ. ಆದರೆ ಅದರಲ್ಲಿ ಶಂಬೂಕ ತಪಸ್ಸಿನಲ್ಲೇ ಇರುತ್ತಾನೆ, ಮಾತಿನ ಸೆಣಸಾಟವೆಲ್ಲ ರಾಮ ಮತ್ತು ಬ್ರಾಹ್ಮಣನ ನಡುವೆ ನಡೆಯುತ್ತದೆ. ಅವನ ಜೀವ ಉಳಿಯಿತು, ಬಾಯಿ ಬರಲಿಲ್ಲ. ಬೆರಳು ಉಳಿಯದ ಏಕಲವ್ಯನಿಗೂ ಶಾಪ ಹೊತ್ತ ಮಂಥರೆಗೂ ಅದೇ ಕವಿಯ ಕೈಯಲ್ಲಿ ಹೆಚ್ಚಿನ ಬದುಕು ದಕ್ಕಿದೆ. ಹಾಗಾಗಿ ಈ ಒಂದು ವಿಷಯದಲ್ಲಿ ತೀರ್ಪು ಅರ್ಧ ಮಾಸ್ತಿಯವರ ಕಡೆಗೂ ವಾಲುತ್ತದೆ.

ಎರಡನೆಯ ಬದುಕು ಯಾವಾಗಲೂ ನ್ಯಾಯವನ್ನೇ ದೊರಕಿಸುತ್ತದೆ ಎಂದುಕೊಳ್ಳುವಂತಿಲ್ಲ. ವಿರಾಟಪರ್ವದ ಉತ್ತರಕುಮಾರ ಇದಕ್ಕೆ ಸಾಕ್ಷಿ. ಹೆಂಗಳೆಯರ ಮುಂದೆ ಕೌರವರನ್ನು ಸದೆಬಡಿಯುವ ಮಾತಾಡಿ, ಬೃಹನ್ನಳೆಯನ್ನು ಸಾರಥಿ ಮಾಡಿಕೊಂಡು ಹೊರಟು, ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಹಾರಿ ಓಡಿದವನು. ಕುಮಾರವ್ಯಾಸನ ಗದುಗಿನ ಭಾರತ ಈ ಪ್ರಸಂಗವನ್ನು ಎಷ್ಟು ರಸವತ್ತಾಗಿ ಹಿಡಿದುಕೊಟ್ಟಿತೆಂದರೆ, ಹಳ್ಳಿ ಹಳ್ಳಿಯ ವಾಚನಗಳಲ್ಲಿ, ಯಕ್ಷಗಾನದ ವಿರಾಟಪರ್ವದಲ್ಲಿ ಜನ ಅದಕ್ಕಾಗಿಯೇ ಕಾದು ಕೂತರು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಇಂದಿಗೂ ಮನೆಮನೆಯಲ್ಲಿ ಬಳಕೆಯಲ್ಲಿದೆ. ಅದನ್ನು ಆಡುವವರಲ್ಲಿ ಎಷ್ಟೋ ಮಂದಿ ಭಾರತ ಓದಿದವರಲ್ಲ. ಆದರೆ ವ್ಯಾಸಭಾರತದ ಭೀಷ್ಮಪರ್ವದಲ್ಲಿ ಯುದ್ಧದ ಮೊದಲ ದಿನವೇ ಆನೆಯ ಮೇಲೇರಿ ಶಲ್ಯನನ್ನು ಎದುರಿಸಿ ಸತ್ತವನೂ ಇದೇ ಉತ್ತರ. ಓಡಿಹೋದವನು ಮರಳಿ ರಣಕ್ಕೆ ಬಂದು ಪ್ರಾಣ ಕೊಟ್ಟದ್ದನ್ನು ಗಾದೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಜ್ಞಾತವಾಸದಿಂದ ಎದ್ದುಬರುವ ಅರ್ಜುನ ದೊಡ್ಡದಾಗಿ ಕಾಣಬೇಕಾದರೆ ಪಕ್ಕದಲ್ಲಿ ಯಾರೋ ಕುಬ್ಜರಾಗಬೇಕಿತ್ತು. ಆ ಕೆಲಸ ಉತ್ತರನ ಪಾಲಿಗೆ ಬಂತು, ಜನರ ನಾಲಿಗೆ ಅವನನ್ನು ಅಲ್ಲೇ ನಿಲ್ಲಿಸಿತು. ಮೂಲಕಥೆ ಅವನಿಗೆ ಸಲ್ಲಿಸಿದ್ದ ಬಾಕಿಯನ್ನು ಎರಡನೆಯ ಬದುಕೇ ಕಸಿದುಕೊಂಡ ಅಪರೂಪದ ಪ್ರಕರಣ ಇದು. ಯಾವ ದೊಡ್ಡ ಕವಿಯೂ ಇನ್ನೂ ಈ ದೂರನ್ನು ಕೈಗೆತ್ತಿಕೊಂಡಂತಿಲ್ಲ. ನಗುವಿಗೆ ಗುರಿಯಾದವನ ಪರವಾಗಿ ವಾದಿಸುವುದು ಕಣ್ಣೀರಿಗೆ ಗುರಿಯಾದವನ ಪರವಾಗಿ ವಾದಿಸುವುದಕ್ಕಿಂತ ಕಷ್ಟ.

ಹಾಸ್ಯದ ಉಪಪಾತ್ರಗಳೆಲ್ಲ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂದೂ ಒಪ್ಪಬೇಕು. ಡಿಕನ್ಸ್‌ನ ಪಿಕ್‌ವಿಕ್ ಪೇಪರ್ಸ್ 1836ರಲ್ಲಿ ತಿಂಗಳ ಕಂತುಗಳಾಗಿ ಬರುತ್ತಿದ್ದಾಗ ಮೊದಲ ಕಂತುಗಳು ಕೆಲವು ನೂರು ಪ್ರತಿಗಳಷ್ಟೇ ಹೋಗುತ್ತಿದ್ದವು. ನಾಲ್ಕನೆಯ ಕಂತಿನಲ್ಲಿ ಲಂಡನ್ನಿನ ವೈಟ್ ಹಾರ್ಟ್ ಛತ್ರದಲ್ಲಿ ಬೂಟು ತಿಕ್ಕುತ್ತ ಸ್ಯಾಮ್ ವೆಲ್ಲರ್ ಕಾಣಿಸಿಕೊಂಡ; ಮಾರಾಟ ಏರುತ್ತ ಏರುತ್ತ ಕೊನೆಗೆ ಸುಮಾರು 40,000ಕ್ಕೆ ಮುಟ್ಟಿತು. ಇಲ್ಲಿ ಯಾವ ಅನ್ಯಾಯವೂ ಇಲ್ಲ, ಓದುಗರು ಕೇಳಿದರು, ಲೇಖಕ ಬಡಿಸಿದ. ಯಕ್ಷಗಾನದ ಹಾಸ್ಯಗಾರನ ಪಾತ್ರಗಳೂ ಒಂದು ಮಟ್ಟಿಗೆ ಹೀಗೆಯೇ ಬೆಳೆದವು. ಪ್ರಸಂಗದ ಹಾಡು ಬರೆದಿಟ್ಟದ್ದು, ಮಾತು ಆಗಿಂದಾಗ ಹುಟ್ಟುವುದು. ಆದ್ದರಿಂದ ಪದ್ಯದಲ್ಲಿ ಒಂದೇ ಸಾಲು ಸಿಕ್ಕ ದೂತನೂ ಸಮರ್ಥ ಹಾಸ್ಯಗಾರನಿದ್ದರೆ ಕಾಲು ಗಂಟೆ ರಂಗ ಹಿಡಿಯಬಲ್ಲ. ಆದರೆ ಅದೇ ಹಾಸ್ಯಗಾರನ ಪಾಲಿಗೆ ಸಾಮಾನ್ಯವಾಗಿ ಮಂಥರೆಯ ವೇಷವೂ ಬರುತ್ತದೆ. ದೂತನ ಮಾತು ಬೆಳಗಾಗುವುದರೊಳಗೆ ಮರೆತುಹೋಗುತ್ತದೆ. ಮಂಥರೆಯ ಮಾತಿಗೆ ನಕ್ಕ ಪ್ರೇಕ್ಷಕನಿಗೆ ಅವಳು ಕೈಕೇಯಿಯ ಕಿವಿಯಲ್ಲಿ ಹೇಳುತ್ತಿರುವುದು ಸುಳ್ಳೇನಲ್ಲ ಎಂದು ನಡುವೆ ಹೊಳೆಯುತ್ತದೆ. ಇಬ್ಬರನ್ನೂ ಬೆಳೆಸಿದ್ದು ಒಬ್ಬನೇ ಕಲಾವಿದನ ಪ್ರತಿಭೆಯಾದರೂ ಉಳಿದವಳು ಒಬ್ಬಳೇ.

ಮುಖ್ಯ, ಅಮುಖ್ಯ ಎಂಬ ಭೇದವನ್ನೇ ತೆಗೆದುಹಾಕಿದ ಕೃತಿಯಲ್ಲಿ ಉಪಪಾತ್ರಗಳ ಗತಿಯೇನು ಎಂಬುದು ಇಲ್ಲಿ ಉಳಿಯುವ ಪ್ರಶ್ನೆ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967) ಮೊದಲ ಪುಟದಲ್ಲೇ ಅಂಥ ನಿಲುವನ್ನು ಸಾರಿ ಹೊರಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಹೆಗ್ಗಡೆ, ಸೆಟ್ಟಿ, ಹೊಲೆಯ, ಪಾದ್ರಿ ಎಲ್ಲರಿಗೂ ಅದರಲ್ಲಿ ಸರಿಸಮಾನವಾದ ಜಾಗವಿದೆ. ಬೇರೆ ಕಾದಂಬರಿಯಲ್ಲಾದರೆ ಚೀಟಿ ತಲುಪಿಸಿ ಮರೆಯಾಗುತ್ತಿದ್ದ ಜೀತದಾಳು ನಾಯಿಗುತ್ತಿ ಇಲ್ಲಿ ಕಾಡು, ಗುಡ್ಡಗಳನ್ನು ದಾಟುತ್ತ, ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತ ಕಥೆಯ ಉದ್ದಕ್ಕೂ ನಡೆಯುತ್ತಾನೆ. 2010ರಲ್ಲಿ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿ ಆಡಿತು. ಕವಿ ಎಲ್ಲರನ್ನೂ ಸಮವಾಗಿ ಕಂಡರೂ ಓದುಗರ ನೆನಪು ಸಮವಾಗಿ ಹಂಚಿಕೆಯಾಗಿಲ್ಲ. ಮುಕುಂದಯ್ಯ, ಚಿನ್ನಮ್ಮರ ಪ್ರೇಮಕಥೆಗೆ ಹೆಚ್ಚು ಪುಟಗಳಿದ್ದರೂ ಕಾದಂಬರಿಯ ಮಾತು ಬಂದಾಗ ಜನ ಮೊದಲು ಎತ್ತುವುದು ಗುತ್ತಿಯನ್ನು, ಅವನ ಬೆನ್ನಿಗೇ ಅವನ ನಾಯಿ ಹುಲಿಯನನ್ನು. ಮುಕುಂದಯ್ಯನಿಗೆ ಬೇಕಾದದ್ದು ದಕ್ಕುತ್ತದೆ. ಗುತ್ತಿಗೂ ತಿಮ್ಮಿ ದಕ್ಕುತ್ತಾಳೆ, ಆದರೆ ಉಕ್ಕಿದ ತುಂಗೆಯಲ್ಲಿ ನಾಯಿಯನ್ನು ಕಳೆದುಕೊಂಡ ಮೇಲೆ.